ನಡೆದು ಬನ್ನಿ ಎಂದಿರಲಿಲ್ಲ

ಗುರುವಾರ, ಆಗಸ್ಟ್ ೫, ೧೯೪೮

ಇವತ್ತು ಶಾಲೆಯಲ್ಲಿ ನಗಬಾರದ ಮಾತಿಗೆ ನಕ್ಕುಬಿಟ್ಟೆ. ಮನೆಗೆ ಬಂದು ರೊಟ್ಟಿ ಬಡಿಯುವಾಗಲೂ ಆ ನಗುವೇ ನೆನಪಾಗುತ್ತಿತ್ತು. ಯಾರ ಮುಂದೂ ಹೇಳುವಂತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಹೆಡ್‌ಮಾಸ್ತರ ಬಸಲಿಂಗಯ್ಯನವರಿಗೆ ಹುಬ್ಬಳ್ಳಿಯ ಪತ್ರಿಕೆ ಬಸ್ಸಿನಲ್ಲಿ ಬರುತ್ತದೆ. ನಮ್ಮ ಹಳಿಯಾಳ ಮುಟ್ಟುವಷ್ಟರಲ್ಲಿ ಸುದ್ದಿ ಹಳಸಿರುತ್ತದೆ. ಆದರೂ ಊಟದ ಬಿಡುವಿನಲ್ಲಿ ಅವರು ಗಟ್ಟಿಯಾಗಿ ಓದುವುದು, ಉಳಿದ ಮೂವರು ಕೇಳುವುದು ನಮ್ಮಲ್ಲಿಯ ಪದ್ಧತಿ. ಹೆಣ್ಣುಮಕ್ಕಳ ಶಾಲೆ ಎಂದು ಹೆಸರು. ಕಲಿಸುವವರಲ್ಲಿ ಹೆಂಗಸು ನಾನೊಬ್ಬಳೇ.

ಲಂಡನ್ನಿನ ಒಲಿಂಪಿಕ್ ಆಟಗಳ ಸುದ್ದಿ ಇತ್ತು. ಒಂದು ಮೂಲೆಯಲ್ಲಿ ನಾಲ್ಕೇ ಸಾಲು. ಹಾಲಂಡ್ ದೇಶದ ಒಬ್ಬ ಗೃಹಿಣಿ, ಮೂವತ್ತು ವಯಸ್ಸಿನವಳು, ಎರಡು ಮಕ್ಕಳ ತಾಯಿ, ನೂರು ಮೀಟರ್ ಓಟದಲ್ಲಿ ಜಗತ್ತಿನ ಹೆಂಗಸರನ್ನೆಲ್ಲ ಹಿಂದೆ ಹಾಕಿ ಗೆದ್ದಳಂತೆ. ಹೆಸರು ಹಾಕಿರಲಿಲ್ಲ. ಬಸಲಿಂಗಯ್ಯನವರು ಪತ್ರಿಕೆಯಿಂದ ತಲೆ ಎತ್ತಿ, “ಒಲಿಮ್ಯಾಲ ಹಾಲು ಉಕ್ಕಾಕತ್ತಿರಬೇಕು, ಅದಕ್ಕ ಹಂಗ ಓಡ್ಯಾಳ” ಎಂದರು. ಎಲ್ಲರೂ ನಕ್ಕರು. ಅವರ ಜೊತೆ ನಾನೂ ನಕ್ಕೆ.

ಯಾಕೆ ನಕ್ಕೆ? ನನಗೂ ಮೂವತ್ತೊಂದು. ನನಗೂ ಎರಡು ಮಕ್ಕಳು. ನಾಲ್ಕು ಮನೆಯ ಗಂಡಸರು ಒಂದು ಗುಡ್ಡ ಹತ್ತಿದರೆ ಊರೆಲ್ಲ ಹೇಳಿಕೊಂಡು ತಿರುಗುವ ಜನ, ಒಬ್ಬ ತಾಯಿ ಇಡೀ ಲೋಕವನ್ನು ಹಿಂದೆ ಹಾಕಿದರೆ ಹಾಲು ಉಕ್ಕಿಸುತ್ತಾರೆ. ‘ಸರ, ನಮ್ಮ ದೇಶದಿಂದ ಲಂಡನ್ನಿಗೆ ಹೋದವರಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ, ಅದನ್ನೂ ಓದಿ ಹೇಳಿ’ ಎನ್ನಬೇಕಿತ್ತು. ಅನ್ನಲಿಲ್ಲ. ಖಾಲಿ ಡಬ್ಬಿ ಮುಚ್ಚಿಕೊಂಡು ಎದ್ದು ಬಂದೆ.

ಮಧ್ಯಾಹ್ನ ಆರು ಮತ್ತು ಏಳನೆಯ ತರಗತಿಯ ಹನ್ನೊಂದು ಹುಡುಗಿಯರಿಗೆ ಭೂಗೋಳ ಬಿಟ್ಟು ಈ ಕಥೆ ಹೇಳಿದೆ. ಪೀರಸಾಬನ ಮಗಳು ಖೈರುನ್ನಿಸಾ ಕೈ ಎತ್ತಿ, ಆಕೆ ಕಾಲಿಗೆ ಏನು ಹಾಕಿಕೊಂಡಿದ್ದಳು ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಶಾಲೆ ಬಿಟ್ಟ ಮೇಲೆ ಬೇವಿನ ಗಿಡದಿಂದ ಗಂಟೆಯ ಕಂಬದವರೆಗೆ ಎಲ್ಲರೂ ಓಡಿ ನೋಡಿದರು. ಖೈರುನ್ನಿಸಾ ಕಂಬ ಮುಟ್ಟಿ ತಿರುಗಿ ನಿಂತಾಗ ಉಳಿದವರು ಇನ್ನೂ ಅರ್ಧ ದಾರಿಯಲ್ಲಿದ್ದರು. ಆಮೇಲೆ ತಿಳಿಯಿತು, ಹುಡುಗಿ ರಮಜಾನದ ರೋಜಾ ಇದ್ದಳು, ಉಪವಾಸ. ಬೆಳಗಿನಿಂದ ಒಂದು ಗುಟುಕು ನೀರೂ ಕುಡಿದಿರಲಿಲ್ಲ.

ಶುಕ್ರವಾರ, ಆಗಸ್ಟ್ ೬

ಸ್ವಾತಂತ್ರ್ಯದ ಮೊದಲ ವರ್ಷದ ಹಬ್ಬಕ್ಕೆ ಊರ ಸಮಿತಿ ಮಾಡಿದ ಪಟ್ಟಿ ಬಂತು. ಗಂಡುಹುಡುಗರಿಗೆ ಓಟ, ಉದ್ದ ಜಿಗಿತ, ಚೀಲದ ಓಟ, ಹಗ್ಗ ಜಗ್ಗುವುದು. ಹುಡುಗಿಯರಿಗೆ ರಂಗೋಲಿ, ಹಾಡು, ಸೂಜಿಗೆ ದಾರ ಪೋಣಿಸುವುದು.

ಸೂಜಿಗೆ ದಾರ. ಸ್ವಾತಂತ್ರ್ಯ ಬಂದು ಒಂದು ವರ್ಷವಾಯಿತು. ನಮ್ಮ ಪಾಲಿಗೆ ಸೂಜಿಯ ಕಣ್ಣಿನಷ್ಟು ಬಂದಿದೆ.

ಹುಡುಗಿಯರಿಗೂ ಒಂದು ಓಟ ಇಡಲು ಕೇಳಿ ಎಂದು ಬಸಲಿಂಗಯ್ಯನವರಿಗೆ ಹೇಳಿದೆ. “ಕೇಳೂಣಂತ” ಎಂದರು. ಅವರು ಕೇಳೂಣಂತ ಎಂದರೆ ಕೇಳುವುದಿಲ್ಲ ಎಂದರ್ಥ. ಅದನ್ನೂ ಅವರ ಮುಂದೆ ಹೇಳಲಿಲ್ಲ.

ರವಿವಾರ, ಆಗಸ್ಟ್ ೮

ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕಾರಕೂನರಾಗಿರುವ ನಮ್ಮ ಯಜಮಾನರು ನಿನ್ನೆ ಸಂಜೆ ಬಂದರು. ಡಿಪೋದ ಸಾಹೇಬರು ಓದಿ ಬಿಟ್ಟ ಇಂಗ್ಲಿಷ್ ಪತ್ರಿಕೆಯೊಂದನ್ನು ನನಗೆಂದೇ ತಂದಿದ್ದರು. ಆ ಹೆಂಗಸು ಈಗ ಮೂರನೆಯ ಓಟವನ್ನೂ ಗೆದ್ದಿದ್ದಾಳೆ. ಒಂದು ಓಟದಲ್ಲಿ ನಡುವೆ ಅಡ್ಡಗಟ್ಟಿದ ಮರದ ತಡೆಗಳನ್ನು ಹಾರಿ ಹೋಗಬೇಕಂತೆ. ಹೆಸರೂ ಸಿಕ್ಕಿತು: ಫ್ಯಾನಿ ಬ್ಲಾಂಕರ್ಸ್ ಕೋಯೆನ್. ಚಿತ್ರವಿದೆ, ಮಸುಕಾಗಿದೆ. ಕೂದಲು ಹಾರುತ್ತಿದೆ, ಬಾಯಿ ತೆರೆದಿದೆ. ಚಿತ್ರ ತೆಗೆಸಿಕೊಳ್ಳುವಾಗ ಹೆಂಗಸರು ಬಾಯಿ ಮುಚ್ಚಿಕೊಂಡು ಕೂಡುವುದನ್ನೇ ನಾನು ನೋಡಿದ್ದು. ಬಹಳ ಹೊತ್ತು ನೋಡಿದೆ.

ಈ ವಯಸ್ಸಿನಲ್ಲಿ ಮನೆ ಮಕ್ಕಳನ್ನು ನೋಡಿಕೊಂಡಿರಬಾರದೇ ಎಂದು ಅಲ್ಲಿಯೂ ಜನ ಆಡಿಕೊಂಡಿದ್ದರಂತೆ. ಓದಿ ಮೈಯೆಲ್ಲ ಉರಿಯಿತು. ಸಮುದ್ರದ ಆಚೆಗೂ ಬಸಲಿಂಗಯ್ಯನವರು ಇದ್ದಾರೆ.

ನಮ್ಮ ಅತ್ತೆ ಮುದಕವ್ವ ಕಾಳು ಹಸನು ಮಾಡುತ್ತ ಎಲ್ಲ ಕೇಳಿಸಿಕೊಂಡರು. ಕೊನೆಗೆ, “ಆಕೀ ಓಡೂಮುಂದ ಮಕ್ಕಳನ್ನ ಯಾರು ಹಿಡ್ಕೊಂಡಿದ್ರು? ಅತ್ತಿ ಇದ್ದಾಳೇನು ಆಕಿಗೆ?” ಎಂದು ಕೇಳಿದರು. ಹಂಗಿಸುತ್ತಿದ್ದಾರೆ ಎಂದುಕೊಂಡೆ. ಅಲ್ಲ, ನಿಜಕ್ಕೂ ತಿಳಿಯಬೇಕಾಗಿತ್ತು ಅವರಿಗೆ. ಪತ್ರಿಕೆಯಲ್ಲಿ ಅದನ್ನು ಬರೆದಿಲ್ಲ ಎಂದೆ. “ಅದನ್ನ ಬರೀಬೇಕಾಗಿತ್ತು” ಎಂದರು.

ಯಜಮಾನರಿಗೆ ಸೂಜಿ ದಾರದ ವಿಷಯ ಹೇಳಿದೆ. ಅವರು ಒಳ್ಳೆಯವರು, ಆದರೆ ಅಂಜುವವರು. ಸಮಿತಿಯ ಹಿರಿಯರನ್ನು ಎದುರು ಹಾಕಿಕೊಂಡರೆ ಮೇಲಿನವರಿಗೆ ಒಂದು ಅರ್ಜಿ ಹೋಗುತ್ತದೆ, ಮರುವಾರ ನನಗೆ ಕಾಡಿನ ನಡುವೆ ಎಲ್ಲಿಗೋ ಬದಲಿ ಆಗುತ್ತದೆ, ಮನೆ ಮೂರು ಕಡೆ ಹರಿದು ಹೋಗುತ್ತದೆ ಎಂದರು. ಸುಮ್ಮನಾದೆ. ಈ ಪುಟದಲ್ಲಿ ಮಾತ್ರ ಸುಮ್ಮನಾಗುವುದಿಲ್ಲ.

ಪೀರಸಾಬನ ಹೆಂಡತಿ ಬೀಬಿಜಾನ ರಮಜಾನ್ ಹಬ್ಬದ ಸುರಕುಂಬಾ, ಹಾಲು ಶಾವಿಗೆಯ ಪಾಯಸ, ಕಳಿಸಿದ್ದಳು, ಮಗಳ ಕೈಯಲ್ಲಿ. ಖೈರುನ್ನಿಸಾ ಆ ಚಿತ್ರ ನೋಡಿ ಕೇಳಿದ್ದು ಮತ್ತೆ ಅದನ್ನೇ. ಕಾಲಿನ ಕಡೆ ಮಸಿ ಹರಡಿತ್ತು, ಏನೂ ಕಾಣಲಿಲ್ಲ.

ಮಂಗಳವಾರ, ಆಗಸ್ಟ್ ೧೦

ನಾಗರ ಪಂಚಮಿ. ಶಾಲೆಗೆ ಸೂಟಿ. ಊರ ಹೊರಗಿನ ಹುಣಸೆ ಗಿಡಗಳಿಗೆಲ್ಲ ಜೋಕಾಲಿ. ಸಮಿತಿಯ ಅಧ್ಯಕ್ಷರಾದ ಜವಳಿ ಅಂಗಡಿಯ ಶಿವಲಿಂಗಪ್ಪನವರ ಸೊಸೆ, ಎಳೆಯ ಹುಡುಗಿ, ನಿಂತು ಜೀಕುತ್ತಿದ್ದಳು. ಸೀರೆ ಗಾಳಿಗೆ ಹಾರುತ್ತಿತ್ತು, ಕೊಂಬೆಯ ಎಲೆ ಕಾಲಿಗೆ ತಾಗುವಷ್ಟು ಎತ್ತರ. ಕೆಳಗೆ ಊರ ಗಂಡಸರು ನಿಂತು ಭಲೇ ಎನ್ನುತ್ತಿದ್ದರು. ಶಿವಲಿಂಗಪ್ಪನವರೂ ಅಲ್ಲೇ ಇದ್ದರು, ಅಭಿಮಾನದಿಂದ ನಗುತ್ತಿದ್ದರು.

ಗಾಳಿಯಲ್ಲಿ ಹಾರಿದರೆ ಹಬ್ಬ. ನೆಲದ ಮೇಲೆ ಓಡಿದರೆ ಅಪಚಾರ. ಇದು ಯಾವ ನ್ಯಾಯ ಎಂದು ಅಲ್ಲೇ ಕೇಳಬೇಕಿತ್ತು. ಬಾಯಲ್ಲಿ ಉಂಡಿ ಇತ್ತು, ಅದನ್ನು ನುಂಗುವಷ್ಟರಲ್ಲಿ ಅವರು ಹೊರಟುಹೋದರು. ತಪ್ಪು ಉಂಡಿಯ ಮೇಲೆ ಯಾಕೆ ಹಾಕಲಿ? ನನಗೆ ಧೈರ್ಯ ಬರಲಿಲ್ಲ.

ಬುಧವಾರ, ಆಗಸ್ಟ್ ೧೧

ಇಂದು ನಾನೇ ಹೋದೆ. ಬಸಲಿಂಗಯ್ಯನವರು ಕೇಳಿಲ್ಲವೆಂದು ಬೆಳಿಗ್ಗೆ ಗೊತ್ತಾಯಿತು. ಸಂಜೆ ಸಮಿತಿಯವರು ಶಿವಲಿಂಗಪ್ಪನವರ ಅಂಗಡಿಯ ಗಾದಿಯ ಮೇಲೆ ಕೂಡುತ್ತಾರೆ. ಕಟ್ಟೆಯ ಕೆಳಗೆ ನಿಂತು, ಹುಡುಗಿಯರಿಗೆ ಒಂದು ಓಟ ಇಡಬೇಕು ಎಂದು ಕೇಳಿಕೊಂಡೆ. ಒಂಬತ್ತು ಹೆಸರಿನ ಪಟ್ಟಿಯನ್ನೂ ಕೊಟ್ಟೆ.

ಶಿವಲಿಂಗಪ್ಪನವರು ಒರಟಾಗಿ ಮಾತಾಡಲಿಲ್ಲ. ಅದೇ ಹೆಚ್ಚು ಸಿಟ್ಟು ತರಿಸಿತು. “ಅಕ್ಕೋರ, ಬೆಳದ ಹುಡಿಗ್ಯಾರು ಓಡೂದನ್ನ ನಾಲ್ಕು ಮಂದಿ ಗಂಡಸರು ನಿಂತು ನೋಡೂದು ಚಂದ ಕಾಣೂದಿಲ್ರಿ” ಎಂದರು.

ಆಗ ನನ್ನ ಬಾಯಿಂದ ಹೊರಟೇಬಿಟ್ಟಿತು. “ನಿನ್ನಿ ಜೋಕಾಲಿ ಕೆಳಗ ನಾಲ್ಕಲ್ಲ, ನಾನೂರು ಮಂದಿ ನಿಂತಿದ್ರಲ್ರಿ.”

ಯಾರೋ ಕೆಮ್ಮಿದರು. ಶಿವಲಿಂಗಪ್ಪನವರ ಮುಖ ಕೆಂಪಾಯಿತು. ಕೊನೆಗೆ ಒಪ್ಪಿದರು: ಏಳು ಗಂಟೆಗೆ, ಜನ ಕೂಡುವ ಮೊದಲು, ಒಂದೇ ಒಂದು ಓಟ. ನಾಚಿಕೆಯ ಕೆಲಸವನ್ನು ನಸುಕಿನಲ್ಲಿ ಮುಗಿಸಿಬಿಡುವ ಹಾಗೆ. ಆದರೂ ಆಯಿತೆಂದೆ.

ಆಮೇಲೆ ಪಟ್ಟಿ ಓದಿದರು. ಖೈರುನ್ನಿಸಾಳ ಹೆಸರಿನ ಮೇಲೆ ಬೆರಳು ನಿಂತಿತು. “ಈ ವರ್ಸ ಇದೊಂದು ಬ್ಯಾಡ್ರಿ. ಹೈದರಾಬಾದದ ಗದ್ದಲ ನಡದೈತಿ. ಕಾಲ ಸರಿ ಇಲ್ಲ” ಎಂದರು. ಹದಿಮೂರು ವರ್ಷದ ಹುಡುಗಿಗೂ ಹೈದರಾಬಾದಿಗೂ ಏನು ಸಂಬಂಧ? ಆಕೆ ಧಾರವಾಡವನ್ನೂ ಕಂಡಿಲ್ಲ. ಹೆಸರು ಹಾಗೇ ಇರಲಿ ಎಂದಷ್ಟೇ ಹೇಳಿ ಬಂದೆ.

ಹಾಲಂಡಿನವಳು ನಾಲ್ಕನೆಯದನ್ನೂ ಗೆದ್ದಳು. ನಾಲ್ವರು ಕೂಡಿ ಓಡುವ ಓಟ, ಕೊನೆಯ ಪಾಳಿ ಇವಳದು. ಎತ್ತರ ಜಿಗಿತದಲ್ಲಿ ಅಮೇರಿಕದ ಒಬ್ಬ ಕಪ್ಪು ಹುಡುಗಿ ಗೆದ್ದಳಂತೆ. ನಮ್ಮ ಹುಡುಗಿಯರಿಗೆ ಹಾಲಂಡಿನವಳ ಆ ಉದ್ದದ ಹೆಸರು ಹೊರಳುವುದಿಲ್ಲ. ‘ಫೆನ್ನವ್ವ’ ಎಂದು ಕರೆಯುತ್ತಾರೆ, ಪಕ್ಕದ ಓಣಿಯವಳ ಹಾಗೆ.

ಗುರುವಾರ, ಆಗಸ್ಟ್ ೧೨

ಬೆಳಿಗ್ಗೆ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಪೀರಸಾಬ ಶಾಲೆಯ ಬಾಗಿಲಲ್ಲಿ ನಿಂತಿದ್ದ. ಚಕ್ಕಡಿಗಳ ಗಾಲಿ, ಅಚ್ಚು ದುರಸ್ತಿ ಮಾಡುವವನು. ಈಚೆಗೆ ಲಾರಿಯ ಕೆಲಸವನ್ನೂ ಕಲಿತಿದ್ದಾನೆ. ಕೈಗೆ ಮೆತ್ತಿದ ಎಣ್ಣೆಯನ್ನು ಒರೆಸಿಕೊಳ್ಳುತ್ತಲೇ ಇದ್ದ.

“ಅಕ್ಕೋರ, ನಮ್ಮ ಹುಡುಗಿ ಹೆಸರು ತಗದ್ಬಿಡ್ರಿ” ಎಂದ.

ಯಾಕೆ ಎಂದು ಕೇಳಿದೆ. ಹೇಳಿದ: “ನಿನ್ನಿ ರಾತ್ರಿ ಒಬ್ಬಾಂವ ಬಂದು ಕೇಳ್ದ, ನಿಜಾಮನ ಕಡೆ ಯಾರ್ಯಾರು ಅದಾರು ನಿಮ್ಮಾವ್ರು ಅಂತ. ನಾ ಹುಟ್ಟಿದ್ದು ಇದ ಓಣ್ಯಾಗ್ರಿ. ನಮ್ಮಪ್ಪನ ಗೋರಿ ಇಲ್ಲೇ ಐತಿ. ಈ ವರ್ಸ ನಾವು ಮಂದಿ ಕಣ್ಣಿಗೆ ಬೀಳದಂಗ ಇರೋದ ಛಲೋ. ಓಟಾ ಮುಗೀಲಿ, ಆಮ್ಯಾಲ ಶಾಲಿನೂ ಬಿಡಿಸಬೇಕಂತ ಮಾಡೇನಿ.”

ಆಕೆ ಏಳನೆಯದು ಮುಗಿಸಲು, ಮುಲ್ಕಿ ಪರೀಕ್ಷೆಗೆ ಕೂಡಲು ಇನ್ನು ಕೆಲವೇ ತಿಂಗಳು.

ಸಂಜೆ ಅವರ ಮನೆಗೆ ಹೋದೆ. ಆತ ಇರಲಿಲ್ಲ, ಬೀಬಿಜಾನ ಇದ್ದಳು. ನನ್ನ ಸಿಟ್ಟನ್ನೆಲ್ಲ ಅವಳ ಮುಂದೆ ಸುರಿದೆ: ಅಂಜಿದರೆ ಅಂಜಿಸುವವರು ಹೆಚ್ಚುತ್ತಾರೆ, ಇಂಥ ಕಾಲು ಈ ಊರಲ್ಲಿ ಇನ್ನೊಬ್ಬರಿಗಿಲ್ಲ, ಹೀಗೆ ಏನೇನೋ. ಅವಳು ತಾಳ್ಮೆಯಿಂದ ಕೇಳಿ, “ಒಂದ ಮಾತ ಕೇಳ್ತೇನಿ ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಹೊಳೆವ್ವನ ಹೆಸರು ಬರದೀರೇನ್ರಿ ಪಟ್ಟ್ಯಾಗ?” ಎಂದಳು.

ಹೊಳೆವ್ವ ನನ್ನ ಮಗಳು. ಒಂಬತ್ತು ವರ್ಷ, ಅದೇ ಶಾಲೆಯ ನಾಲ್ಕನೆಯ ತರಗತಿ. ಬರೆದಿರಲಿಲ್ಲ. ಬರೆಯಬೇಕೆಂದು ತಲೆಗೂ ಬಂದಿರಲಿಲ್ಲ. ಚಿಕ್ಕವಳು ಎಂದೆ. ಬೀಬಿಜಾನ ಹೌದು ಹೌದು ಎಂದು ತಲೆಯಾಡಿಸಿದಳು, ಚಹಾ ಮಾಡಲು ಎದ್ದಳು.

ಆ ತಲೆಯಾಡಿಸಿದ್ದು ಕಪಾಳಕ್ಕೆ ಹೊಡೆದ ಹಾಗಾಯಿತು. ಪಟ್ಟಿಯನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಂಡೆ. ಕಟ್ಟಿಗೆ ಕಡಿಯುವವರ, ಗಾಣದವರ, ಗೌಂಡಿಗಳ ಮಕ್ಕಳು. ಊರು ಏನಾದರೂ ಅಂದರೆ ಅವರಿಗೆ ಅನ್ನಲಿ, ನನ್ನ ಮಗಳು ಬದಿಗೆ ನಿಂತು ಚಪ್ಪಾಳೆ ಹೊಡೆಯಲಿ ಎಂದು ಲೆಕ್ಕ ಹಾಕಿದ್ದೆನೇ? ಲೆಕ್ಕ ಹಾಕದೆಯೇ ಹಾಗಾಗಿತ್ತು. ಶಿವಲಿಂಗಪ್ಪನವರ ಮೇಲೆ ಇಷ್ಟು ಪುಟ ಬರೆದಿದ್ದೇನೆ. ನನ್ನ ಮೇಲೆ ಒಂದು ಸಾಲೂ ಇಲ್ಲ.

ಮನೆಗೆ ಬಂದು ಅತ್ತೆಗೆ, ಹೊಳೆವ್ವನನ್ನು ಓಡಿಸುತ್ತೇನೆ ಎಂದೆ. ಜಗಳಕ್ಕೆ ಸಿದ್ಧಳಾಗಿಯೇ ಹೇಳಿದೆ. “ಪರಕರದ ಅಂಚು ಮ್ಯಾಲ ಮಡಚಿ ಹೊಲೀಬೇಕು, ಕಾಲಾಗ ಸಿಕ್ಕೊಂಡು ಬಿದ್ದೀತು” ಎಂದು ಅವರೇ ಸೂಜಿ ತೆಗೆದುಕೊಂಡರು.

ಶನಿವಾರ, ಆಗಸ್ಟ್ ೧೪

ಹಾಕಿಯಲ್ಲಿ ನಮ್ಮವರು ಲಂಡನ್ನಿನಲ್ಲೇ ಇಂಗ್ಲಿಷರನ್ನು ನಾಲ್ಕು ಗೋಲುಗಳಿಂದ ಸೋಲಿಸಿದ್ದಾರೆ. ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ಬಸಲಿಂಗಯ್ಯನವರು ಎಲ್ಲರಿಗೂ ಪೇಢೆ ಹಂಚಿ, ಆಟವೆಂದರೆ ರಾಷ್ಟ್ರದ ಮರ್ಯಾದೆ ಎಂದು ಒಂದು ಸಣ್ಣ ಭಾಷಣವನ್ನೇ ಮಾಡಿದರು. ಮಾಡಿ, ಅದೇ ಉಸಿರಿನಲ್ಲಿ ಸಮಿತಿಯ ಚೀಟಿ ನನ್ನ ಕೈಗೆ ಕೊಟ್ಟರು: ಮಳೆಯಿಂದ ಮೈದಾನ ಕೆಸರಾಗಿರುವ ಕಾರಣ ಹುಡುಗಿಯರ ಓಟ ರದ್ದು.

ಗಂಡುಹುಡುಗರ ನಾಲ್ಕು ಆಟಗಳೂ ಹಾಗೇ ಇವೆ. ಕೆಸರಿಗೂ ಕಣ್ಣಿದೆ, ಪರಕರ ನೋಡಿ ಅಂಟುತ್ತದೆ.

“ಸರ, ಕೆಸರು ಹುಡಿಗ್ಯಾರಿಗೆ ಅಷ್ಟ ಹತ್ತತೈತೇನ್ರಿ?” ಎಂದೆ. ಎಲ್ಲರ ಮುಂದೆಯೇ ಕೇಳಿದೆ. ಅವರು ಪೇಢೆಯ ಪೊಟ್ಟಣ ಕಟ್ಟುವುದರಲ್ಲಿ ಬಹಳ ಮಗ್ನರಾದರು.

ಸಂಜೆ ಮತ್ತೆ ಅಂಗಡಿಗೆ ಹೋದೆ. ಈ ಸಲ ಕಟ್ಟೆಯ ಮೇಲೆ ಹತ್ತಿ ನಿಂತೆ. ಶಿವಲಿಂಗಪ್ಪನವರು ಬಟ್ಟೆ ಅಳೆಯುತ್ತಲೇ, ಮುಗಿದ ಮಾತನ್ನು ಮತ್ತೆ ತೆಗೆಯಬಾರದು, ತಾಲೂಕಿನ ಮಾಮಲೇದಾರ ಸಾಹೇಬರು ಬರುತ್ತಾರೆ, ಗೊಂದಲ ಬೇಡ ಎಂದರು. “ಹುಡಿಗ್ಯಾರು ಎಂಟು ಗಂಟೆಕ್ಕ ಮೈದಾನಕ್ಕ ಬಂದು ಹಾಡ್ಲಿ. ಅಷ್ಟ ಸಾಕ್ರಿ” ಎಂದರು.

“ಬರ್ತಾರ್ರಿ” ಎಂದು ಹೇಳಿ ಬಂದೆ.

ಬರುವ ದಾರಿಯಲ್ಲೇ ಹುಡುಗಿಯರ ಮನೆಗಳಿಗೆ ಹೋದೆ. ಕಾಶೆವ್ವ ಎಂಬ ಗಾಣದವರ ಹುಡುಗಿಯ ತಾಯಿ ಮೊದಲು ಬೇಡವೆಂದಳು, ಆಮೇಲೆ ತಾನೂ ಬಾಗಿಲಲ್ಲಿ ನಿಂತು ನೋಡುತ್ತೇನೆ ಎಂದಳು. ಎಂಟೂ ಮನೆಯವರು ಒಪ್ಪಿದರು. ಪೀರಸಾಬನ ಮನೆಗೆ ಮಾತ್ರ ಹೋಗಲಿಲ್ಲ. ಆತನ ಭಯ ಸುಳ್ಳಲ್ಲ. ನನ್ನ ಹಟಕ್ಕೆ ಅವನ ಮನೆಯನ್ನು ಒಡ್ಡಲಾರೆ.

ರವಿವಾರ, ಆಗಸ್ಟ್ ೧೫

ಎಲ್ಲವನ್ನೂ ಸರಿಯಾಗಿ ಬರೆದಿಡಬೇಕು.

ಏಳೂವರೆಗೆ ಶಾಲೆಯ ಅಂಗಳದಲ್ಲಿ ಸೇರಿದೆವು. ಮಳೆ ನಿಂತಿತ್ತು, ದಾರಿ ಹಸಿಯಾಗಿತ್ತು. ಶಾಲೆಯಿಂದ ಮೈದಾನಕ್ಕೆ ಪೇಟೆಯ ನಡುವೆ ಹಾದು ಅರ್ಧ ಮೈಲಿ. ಚಿಕ್ಕ ಮಕ್ಕಳನ್ನು ಇನ್ನೊಬ್ಬ ಮಾಸ್ತರರು ಮುಂದೆ ಕರೆದುಕೊಂಡು ಹೋಗಿದ್ದರು. ಒಂಬತ್ತು ಹುಡುಗಿಯರು ಬಾಗಿಲಲ್ಲಿ ಸಾಲಾಗಿ ನಿಂತರು, ನನ್ನ ಹೊಳೆವ್ವ ಕೊನೆಯಲ್ಲಿ. ಖೈರುನ್ನಿಸಾ ಹಾಡಲು ಬಂದಿದ್ದಳು, ಕೈಯಲ್ಲಿ ಕಾಗದದ ಬಾವುಟ. ಅಪ್ಪ ಹೂಂ ಎನ್ನದೆ ಓಡಬೇಡ, ನನ್ನ ಜೊತೆ ನಡೆದು ಬಾ ಎಂದೆ. ತಲೆ ತಗ್ಗಿಸಿ ನಿಂತಳು.

ನಾನು ಕೈ ಬಡಿದೆ. ಒಂಬತ್ತೂ ಹುಡುಗಿಯರು ಓಡಿದರು.

ಪೇಟೆಯಲ್ಲಿ ಆಗಲೇ ಜನ ಸೇರಿದ್ದರು. ಮೊದಲು ಏನಾಗಿದೆ ಎಂದು ಯಾರಿಗೂ ತಿಳಿಯಲಿಲ್ಲ. ಎಲ್ಲೋ ಬೆಂಕಿ ಬಿದ್ದಿದೆ ಎಂದು ಒಬ್ಬ ಅಂಗಡಿಯಿಂದ ಹೊರಗೆ ಜಿಗಿದ. ಒಂದಿಬ್ಬರು ಸಿಳ್ಳೆ ಹಾಕಿದರು. ಹೆಂಗಸರು ಮಾತ್ರ ಬಾಗಿಲಿಗೆ ಬಂದು, ಹಿಟ್ಟಿನ ಕೈಯಲ್ಲೇ ನಿಂತು, ಮಗಳು ಕಂಡರೆ ಮಗಳ ಹೆಸರು, ಕಾಣದಿದ್ದರೆ ಯಾರ ಹೆಸರಾದರೂ ಹಿಡಿದು ಕೂಗುತ್ತಿದ್ದರು. ಖೈರುನ್ನಿಸಾ ನನ್ನ ಪಕ್ಕದಲ್ಲಿ, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ, ಪ್ರತಿ ಹೆಜ್ಜೆಗೂ ಜಗ್ಗುತ್ತ ನಡೆಯುತ್ತಿದ್ದಳು.

ಕಟ್ಟಿಗೆಯ ಚಕ್ಕಡಿಗಳು ಪೇಟೆಯ ರಸ್ತೆಗೆ ಸೇರುವ ಕೂಟಿನಲ್ಲಿ ಪೀರಸಾಬನ ಷೆಡ್ಡು. ಅಲ್ಲಿ ಮೂರು ಚಕ್ಕಡಿ ಸಾಲಾಗಿ ನಿಂತಿದ್ದವು. ಮುಂದಿನ ಎತ್ತಿನ ಮೂಗುದಾರ ಹಿಡಿದು ಪೀರಸಾಬ ರಸ್ತೆಗೆ ಅಡ್ಡ ನಿಂತಿದ್ದ. ಗಾಡಿಯವನು ಬೈಯುತ್ತಿದ್ದ, ಈತ ಬಿಡುತ್ತಿರಲಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಅವನ ಮುಂದೆ ಹಾದು ಹೋದರು. ಅವನು ಪ್ರತಿಯೊಂದು ಮುಖವನ್ನೂ ನೋಡಿದ. ಎಲ್ಲರೂ ಹೋದ ಮೇಲೆ ನಮ್ಮಿಬ್ಬರನ್ನು ಕಂಡ.

“ಖೈರೂ, ನೀ ಯಾಕ ನಡಕೋತ ಹೊಂಟಿ?” ಎಂದ.

ಹುಡುಗಿ ನನ್ನ ಮುಖ ನೋಡಿದಳು. ಬಾವುಟ ನನ್ನ ಕೈಗೆ ತುರುಕಿದಳು. ಹೋದಳು.

ಅಂಥ ಓಟವನ್ನು ನಾನು ನೋಡಿಲ್ಲ. ಇನ್ನೂರು ಹೆಜ್ಜೆ ಹಿಂದಿದ್ದವಳು, ಜವಳಿ ಅಂಗಡಿಯ ಮುಂದೆ ಹೊಳೆವ್ವನನ್ನು ದಾಟಿದಳು, ದೇವಸ್ಥಾನದ ತಿರುವಿನಲ್ಲಿ ನಾಲ್ವರನ್ನು, ಅದರಾಚೆ ಮೂವರನ್ನು, ಮೈದಾನದ ಬಾಗಿಲಲ್ಲಿ ಎಲ್ಲರ ಮುಂದಿದ್ದ ಕಾಶೆವ್ವನನ್ನು. ಧ್ವಜದ ಕಂಬವನ್ನು ಎಲ್ಲರಿಗಿಂತ ಮೊದಲು ಮುಟ್ಟಿದಳು. ನಾನು ಮುಟ್ಟಿದಾಗ ನನಗೆ ಏದುಸಿರು ಬರುತ್ತಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಒಂದು ಚಪ್ಪಲಿ ಇರಲಿಲ್ಲ.

ಮಾಮಲೇದಾರ ಸಾಹೇಬರು ಆಗತಾನೇ ಬಂದು ಕೂತಿದ್ದರು. ಇದು ಕಾರ್ಯಕ್ರಮದ ಭಾಗ ಎಂದು ತಿಳಿದು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದಕ್ಕೆ ಸಮಿತಿ ತಟ್ಟಿತು, ಸಮಿತಿ ತಟ್ಟಿದ್ದಕ್ಕೆ ಊರು ತಟ್ಟಿತು. ಬಸಲಿಂಗಯ್ಯನವರು ನನ್ನ ಹತ್ತಿರ ಬಂದು, ಇದೇನು ಮಾಡಿದಿರಿ ಎಂದು ಹಲ್ಲು ಕಚ್ಚಿ ಕೇಳಿದರು. “ಎಂಟಕ್ಕ ಬಂದು ಹಾಡ್ರಿ ಅಂದಿದ್ರಲ್ರೀ ಸರ. ನಡದು ಬರ್ರಿ ಅಂತ ಯಾರೂ ಅಂದಿರಲಿಲ್ಲ” ಎಂದೆ.

ಶಿವಲಿಂಗಪ್ಪನವರು ಎದ್ದು ಮಾತಾಡಿದರು. ಹಾಕಿಯ ಗೆಲುವು, ರಾಷ್ಟ್ರದ ಮರ್ಯಾದೆ, ಆಮೇಲೆ ‘ನಮ್ಮ ಸಮಿತಿ ವಿಶೇಷವಾಗಿ ಏರ್ಪಡಿಸಿದ ಹೆಣ್ಣುಮಕ್ಕಳ ಓಟ’. ಏರ್ಪಡಿಸಿದ, ವಿಶೇಷವಾಗಿ. ನನ್ನ ಕಿವಿಯಲ್ಲಿ ಕಾದ ಎಣ್ಣೆ ಹೊಯ್ದ ಹಾಗಾಯಿತು. ನಾನು ನಿಂತಲ್ಲಿಂದಲೇ ಹೇಳಿದೆ:

“ಸಾಹೇಬರ, ಇದು ಸಮಿತಿ ಇಟ್ಟ ಓಟ ಅಲ್ರಿ. ಸಮಿತಿ ಇದನ್ನ ರದ್ದು ಮಾಡಿತ್ತು. ಮೊದಲ ಬಂದಾಕಿ ಖೈರುನ್ನಿಸಾ, ಪೀರಸಾಬರ ಮಗಳು. ಹುಡುಗರ ಹೆಸರು ಕೂಗಿದಂಗ ಈಕೀ ಹೆಸರೂ ಕೂಗ್ರಿ.”

ಹಿಂದಿನಿಂದ ಒಬ್ಬ ನಿಜಾಮನ ಹೆಸರು ಎತ್ತಿದ. ತಿರುಗಿ ಅವನನ್ನೇ ನೋಡಿದೆ. ಅವನು ನೆಲ ನೋಡುವವರೆಗೂ ನೋಡಿದೆ. ಸಾಹೇಬರು ಪಕ್ಕದವರನ್ನು ಏನೋ ಕೇಳಿದರು, ಆಮೇಲೆ ಅವರೇ ಎದ್ದು ಹೆಸರು ಕೂಗಿದರು. ಬಹುಮಾನ ಏನೂ ಇರಲಿಲ್ಲ. ಜನರ ಹಿಂದೆ, ಮೈದಾನದ ಅಂಚಿನಲ್ಲಿ, ಪೀರಸಾಬ ಎಣ್ಣೆಯ ಕೈಯಿಂದಲೇ ಕಣ್ಣು ಒರೆಸಿಕೊಂಡ, ಮುಖವೆಲ್ಲ ಕಪ್ಪಾಯಿತು.

ಹೊಳೆವ್ವ ಕೊನೆಯವಳಾಗಿ ಬಂದಳು. ಬಂದಳು.

ಸೋಮವಾರ, ಆಗಸ್ಟ್ ೧೬

ಕಾಲಿನ ಮೀನಖಂಡ ನೋಯುತ್ತಿದೆ. ಹನ್ನೊಂದೂ ಹುಡುಗಿಯರು ಶಾಲೆಗೆ ಬಂದಿದ್ದರು. ಮೂವರ ಅಂಗಾಲು ಕೊಯ್ದಿತ್ತು, ಅರಿಷಿಣ ಹಚ್ಚಿದೆ.

ಗುರುವಾರ, ಆಗಸ್ಟ್ ೨೬

ಕಳೆದ ಶನಿವಾರ ನನ್ನ ಬದಲಿಯ ಆದೇಶ ಬಂತು. ಜೊಯಿಡಾದ ಕಡೆ ಕಾಡಿನೊಳಗಿನ ಒಂದು ಊರು, ಒಬ್ಬರೇ ಕಲಿಸುವ ಶಾಲೆ. ಕಾರಣ: ಆಡಳಿತದ ಅನುಕೂಲ.

ಕಾಗದ ಕೊಡುವಾಗ ಬಸಲಿಂಗಯ್ಯನವರು, ನನ್ನ ಮೇಲೆ ಹೋದ ಅರ್ಜಿಯಲ್ಲಿ ತಮ್ಮ ಸಹಿ ಇಲ್ಲ ಎಂದರು. “ನಾ ಕೇಳಿಲ್ಲಲ್ರೀ ಸರ” ಎಂದೆ.

ಆದೇಶದ ವಿರುದ್ಧ ಬರೆದೆ. ಎರಡು ಪುಟ, ಓಟ ಇಟ್ಟದ್ದು, ರದ್ದು ಮಾಡಿದ್ದು, ಹೆಸರು ಅಳಿಸಲು ಹೇಳಿದ್ದು ಎಲ್ಲ ಬರೆದು ಸಹಿ ಹಾಕಿ ರಿಜಿಸ್ಟರ್ ಮಾಡಿಸಿದೆ. ಉತ್ತರ ಬರುವವರೆಗೆ ಅಲ್ಲಿಗೆ ಹೋಗಲೇಬೇಕು. ಯಜಮಾನರಿಗೆ ಕಾಗದ ಹಾಕಿದ್ದೆ. ನಾನು ಹೇಳಿರಲಿಲ್ಲವೇ ಎಂದು ಬರೆಯುತ್ತಾರೆ ಎಂದುಕೊಂಡಿದ್ದೆ. ದಾಂಡೇಲಿಯಿಂದ ಆ ಊರಿಗೆ ಗಾಡಿ ಯಾವ ವಾರ ಇರುತ್ತದೆ ಎಂದು ವಿಚಾರಿಸಿ ಬರೆದಿದ್ದಾರೆ, ಬೇರೇನೂ ಇಲ್ಲ. ಮಗನಿಗೆ ನಾಲ್ಕು ವರ್ಷ, ಅವನನ್ನು ಕಾಡಿಗೆ ಒಯ್ಯುವ ಹಾಗಿಲ್ಲ. “ಶಂಕ್ರವ್ವ, ನಾ ಅದೀನಿ. ಹೋಗಿ ಬಾ” ಎಂದರು ಅತ್ತೆ. ಹೊಳೆವ್ವ ಬಿಟ್ಟಿರಲಾರೆ ಎಂದು ಹಟ ಹಿಡಿದಿದ್ದಾಳೆ.

ಸಂಜೆ ಪೀರಸಾಬ ಬಂದಿದ್ದ. ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕೂತ. ತನ್ನಿಂದಲೇ ಹೀಗಾಯಿತು ಎಂದು ಮತ್ತೆ ಮತ್ತೆ ಹೇಳಿದ. ಅದು ಸುಳ್ಳು, ನಮ್ಮಿಬ್ಬರನ್ನೂ ಹೆದರಿಸಿದವರು ಒಬ್ಬರೇ ಎಂದೆ. ಏಳುವಾಗ ಹೇಳಿದ: “ನೀವು ಹೋದ್ರೂ ಆಕೀ ಶಾಲಿಗೆ ಬರ್ತಾಳ್ರಿ. ಮುಲ್ಕಿ ಪರೀಕ್ಷಾ ಮುಗಿಯೂಮಟಾ ನಾ ಬಿಡಸೂದಿಲ್ಲ. ಯಾವನರ ಬಂದು ಕೇಳ್ಲಿ.”

ಸೋಮವಾರ, ಸೆಪ್ಟೆಂಬರ್ ೬

ಬರೆಯದೆ ಬಹಳ ದಿನವಾಯಿತು. ಹೊತ್ತೇ ಇಲ್ಲ.

ಸೋಗೆ ಹೊದಿಸಿದ ಒಂದೇ ಕೋಣೆ. ಇಪ್ಪತ್ತೆರಡು ಹುಡುಗರು, ಐದು ಹುಡುಗಿಯರು. ಎಲ್ಲರದೂ ಕೊಂಕಣಿ, ನನ್ನ ಕನ್ನಡ ಅವರಿಗೆ ಅರ್ಧವೂ ತಿಳಿಯುವುದಿಲ್ಲ. ಹುಡುಗಿಯರು ಸಹಿ ಹಾಕಲು ಕಲಿತರೆ ಸಾಕು, ಆಮೇಲೆ ದನ ಕಾಯಲು ಬೇಕು ಎಂದು ಊರ ಮುಖ್ಯಸ್ಥರಾದ ಗಾಂವಕರರು ನಾನು ಬಂದ ದಿನವೇ ಹೇಳಿದರು. ಸಾಕಾಗುವುದಿಲ್ಲ ಎಂದು ನಾನೂ ಆಗಲೇ ಹೇಳಿದೆ.

ಇಂದು ಮಳೆ ಬಿಟ್ಟಿತ್ತು. ಮಧ್ಯಾಹ್ನ ಹುಡುಗರು ಅಂಗಳಕ್ಕೆ ಹಾರಿದರು, ಐದು ಹುಡುಗಿಯರು ಗೋಡೆಗೆ ಒರಗಿ ನಿಂತರು. ಅವರನ್ನು ಹೊರಗೆ ಕರೆದೆ. ಹಸಿ ನೆಲದ ಮೇಲೆ ಕೋಲಿನಿಂದ ಗೆರೆ ಎಳೆದು, ಹಳ್ಳದ ದಂಡೆ ತೋರಿಸಿ, ಓಡಿ ಎಂದೆ. ತಿಳಿಯಲಿಲ್ಲ. ಹೊಳೆವ್ವ ಓಡಿ ತೋರಿಸಲು ಹೋಗಿ ಜಾರಿ ಬಿದ್ದಳು. ಐವರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಎಲ್ಲರಿಗಿಂತ ಸಣ್ಣವಳು ನನ್ನ ಸೆರಗು ಜಗ್ಗಿ, ನನಗೆ ಕಲಿಸುವ ಹಾಗೆ ನಿಧಾನವಾಗಿ, ಓಡುವುದಕ್ಕೆ ತಮ್ಮ ಮಾತು ಹೇಳಿದಳು: “ಧಾಂವ್.”

“ಧಾಂವ್” ಎಂದೆ ನಾನು. ಸರಿಯಾಗಿ ಬರಲಿಲ್ಲವೇನೋ ಎಂದು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ. ಅಷ್ಟರಲ್ಲಿ ಅವರು ಹಳ್ಳದ ದಂಡೆ ಮುಟ್ಟಿದ್ದರು.